ಬೆಂಗಳೂರಿನ ಬೀದಿ ಹೆಸರುಗಳು

ಬೆಂಗಳೂರಿನ ಬೀದಿಗಳಿಗೆ ಕಸುಬು, ಸೇನೆ, ದೇವಸ್ಥಾನ, ಮರ, ವ್ಯಕ್ತಿ ಎಲ್ಲವೂ ಹೆಸರು ಕೊಟ್ಟಿವೆ. ಕೊನೆಕೊನೆಗೆ ಅಂಕಿಯೇ ಹೆಸರಾಗಿದೆ.

ಕೆಂಪೇಗೌಡ 1537ರಲ್ಲಿ ಕಟ್ಟಿಸಿದ ಪೇಟೆಯಲ್ಲಿ ಕಸುಬಿಗೊಂದು ಕೇರಿ. ಕುಂಬಾರರು ನೆಲೆಸಿದ್ದು ಕುಂಬಾರಪೇಟೆ, ಗಾಣಿಗರದು ಗಾಣಿಗರಪೇಟೆ. ಅಕ್ಕಿ, ರಾಗಿ, ಅರಳೆ, ಬಳೆ ಬಿಕರಿಯಾಗುತ್ತಿದ್ದ ಕಡೆ ಆಯಾ ಸರಕಿನದೇ ಹೆಸರು. ಇಂದಿನ ಅವೆನ್ಯೂ ರಸ್ತೆ ಅಂದು ದೊಡ್ಡಪೇಟೆಯ ಬೀದಿಯಾಗಿತ್ತು.

1809ರಲ್ಲಿ ಬ್ರಿಟಿಷರ ದಂಡು ಬಂದು ನೆಲೆಸಿತು. ಬ್ರಿಗೇಡ್, ಇನ್‌ಫೆಂಟ್ರಿ, ಕ್ಯಾವಲ್ರಿ ರಸ್ತೆಗಳಿಗೆ ಸೇನೆಯಿಂದಲೇ ಹೆಸರು ಬಂತು. ಕೋಲಾರದಲ್ಲಿ ಚಿನ್ನ ಹುಡುಕಿದ ಮೈಕೆಲ್ ಲ್ಯಾವೆಲ್‌ನ ಹೆಸರು ಲ್ಯಾವೆಲ್ ರಸ್ತೆಯಲ್ಲಿ ಉಳಿಯಿತು.

ವಸತಿ ಬೀದಿಗಳ ಇಂದಿನ ರೀತಿಗೆ ದಾರಿ ಮಾಡಿದ್ದು ಪ್ಲೇಗು. 1898ರಲ್ಲಿ ಆ ಮಾರಿ ಕಿಕ್ಕಿರಿದ ಪೇಟೆಗೆ ನುಗ್ಗಿದ ಮೇಲೆ, ಗಾಳಿ ಬೆಳಕು ಆಡುವಂಥ ಹೊಸ ಬಡಾವಣೆಗಳು ಎದ್ದವು. ದೊಡ್ಡ ಬಸವಣ್ಣನ ಗುಡಿಯಿಂದ ಬಸವನಗುಡಿ, ಕಾಡು ಮಲ್ಲೇಶ್ವರನಿಂದ ಮಲ್ಲೇಶ್ವರ. ಮಲ್ಲೇಶ್ವರದಲ್ಲಿ ಅಕ್ಕಪಕ್ಕ ಸಾಗುವ ಎರಡು ಉದ್ದದ ರಸ್ತೆಗಳಿಗೆ ಮರಗಳ ಹೆಸರು: ಒಂದು ಸಂಪಿಗೆ, ಇನ್ನೊಂದು ಮಾರ್ಗೋಸಾ, ಅಂದರೆ ಬೇವು. ಅವನ್ನು ಅಡ್ಡಡ್ಡ ಹಾಯುವ ಬೀದಿಗಳಿಗೆ ಬರೀ ಅಂಕಿ. ಅಂಕಿಗೆ ಜೀವವಿಲ್ಲ ಎನ್ನುವವರು ಗೌರಿಹಬ್ಬದ ಹಿಂದಿನ ಸಂಜೆ ಎಂಟನೇ ಕ್ರಾಸಿಗೆ ಬರಬೇಕು. ಮಾವಿನೆಲೆ, ಬಾಳೆಕಂದು, ಸೇವಂತಿಗೆ ಮಾಲೆಗಳ ನಡುವೆ ಕಾಲಿಡಲು ಜಾಗವಿರುವುದಿಲ್ಲ. ಮಲ್ಲೇಶ್ವರದವರಿಗೆ ‘ಎಂಟನೇ ಕ್ರಾಸ್’ ಯಾವ ಮಹನೀಯರ ಹೆಸರಿಗೂ ಕಡಿಮೆಯಲ್ಲ.

ಜಯಚಾಮರಾಜೇಂದ್ರ ಒಡೆಯರ ಹೆಸರಿನ ಜಯನಗರದ ಹೊತ್ತಿಗೆ ಬ್ಲಾಕ್, ಮೇನ್, ಕ್ರಾಸ್‌ಗಳ ಲೆಕ್ಕವೇ ವಿಳಾಸವಾಯಿತು. ಇಂದಿರಾನಗರದಲ್ಲಂತೂ ರಸ್ತೆಯ ಅಗಲವೇ ಹೆಸರು: ನೂರಡಿ ರಸ್ತೆ.

ಸ್ವಾತಂತ್ರ್ಯಾನಂತರ ದಂಡಿನ ಕೆಲವು ಹೆಸರುಗಳು ಬದಲಾದವು. ಸೌತ್ ಪರೇಡ್ 1948ರಲ್ಲಿ ಮಹಾತ್ಮ ಗಾಂಧಿ ರಸ್ತೆಯಾಯಿತು, ಕ್ಯಾವಲ್ರಿ ರಸ್ತೆ ಕಾಮರಾಜ ರಸ್ತೆಯಾಯಿತು. ಫ್ರೇಜರ್ ಟೌನ್ ಕಾಗದದಲ್ಲಿ ಪುಲಕೇಶಿನಗರ, ಜನರ ಬಾಯಲ್ಲಿ ಇಂದಿಗೂ ಫ್ರೇಜರ್ ಟೌನ್. ಹಿರಿಯರನ್ನು ಗೌರವಿಸಿ ಹೊಸ ಹೆಸರಿಡುವುದು ಸರಿಯೇ. ಆದರೆ ಹಳೆಯ ಹೆಸರು ಅಳಿದರೆ ಅಲ್ಲಿ ಯಾರಿದ್ದರು, ಏನಿತ್ತು ಎಂಬ ಸುಳಿವೂ ಅಳಿಯುತ್ತದೆ. ಫಲಕ ಬದಲಿಸುವಾಗ ಹೊಸ ಹೆಸರಿನ ಕೆಳಗೆ ಹಳೆಯದನ್ನೂ ಒಂದು ಸಾಲಿನಲ್ಲಿ ಬರೆಸುವ ಕೆಲಸವನ್ನು ನಗರಾಡಳಿತ ಮಾಡಬೇಕು.