ತಡೆಯುವ ಕವಾಟ

1977ರಲ್ಲಿ ಸ್ವೀಡನ್ನಿನ ಸಾಬ್ ಕಂಪನಿ ಫ್ರಾಂಕ್‌ಫರ್ಟ್ ಪ್ರದರ್ಶನದಲ್ಲಿ 99 ಟರ್ಬೊ ಹ್ಯಾಚ್‌ಬ್ಯಾಕನ್ನು ಮುಂದಿಟ್ಟಿತು. ಎರಡು ಲೀಟರ್ ಎಂಜಿನ್, 145 ಅಶ್ವಶಕ್ತಿ. ಎಂಜಿನ್ ಉಗುಳುವ ಹೊಗೆಯ ರಭಸಕ್ಕೇ ಟರ್ಬೊ ತಿರುಗಿ, ಒಳಗೆ ಹೆಚ್ಚು ಗಾಳಿ ತುಂಬುತ್ತಿತ್ತು.

ತಂತ್ರಜ್ಞಾನದ ಚರಿತ್ರೆಯನ್ನು ಅಭ್ಯಸಿಸುವ ನನಗೆ ಇಲ್ಲಿ ಮುಖ್ಯವೆನಿಸುವುದು ವೇಸ್ಟ್‌ಗೇಟ್ ಎಂಬ ಪುಟ್ಟ ಕವಾಟ. ಒತ್ತಡ ಮಿತಿ ಮುಟ್ಟಿದೊಡನೆ ಅದು ಹೊಗೆಯನ್ನು ಬೇರೆ ದಾರಿಗೆ ಬಿಡುತ್ತದೆ. ಹಳೆಯ ಟರ್ಬೊ ಕಾರನ್ನು ಚುರುಕುಗೊಳಿಸಹೊರಟವರು ಕೈಯಿಡುವುದೂ ಇದಕ್ಕೇ. ಕವಾಟ ತಡವಾಗಿ ತೆರೆದಷ್ಟೂ ಶಕ್ತಿ ಏರುತ್ತದೆ. ಆದರೆ ಇಂಧನ ತಾನಾಗಿ ಸಿಡಿಯತೊಡಗಿದರೆ ಪಿಸ್ಟನ್ನೇ ಒಡೆಯಬಹುದು.

1980ರ ದಶಕದಲ್ಲಿ ಸಾಬ್ ಆ ಸಿಡಿತವನ್ನು ಗುರುತಿಸಿ ಒತ್ತಡ ಇಳಿಸುವ ಎಪಿಸಿ ವ್ಯವಸ್ಥೆಯನ್ನು ತಂದಿತು. ಟರ್ಬೊ ಮನೆಬಳಕೆಯ ಕಾರಿಗೆ ಒಗ್ಗಿದ್ದು ಈ ಅಂಕೆಯಿಂದ. ಜನ ಓಡಾಡುವ ಬೀದಿಗೆ ಕಾರು ಹದಗೊಳಿಸುವವರು ಬ್ರೇಕು, ಟೈರುಗಳ ಬಲವನ್ನೂ ಅಳೆಯಬೇಕು.