ಕಾಣದ ರಾಣಿಯ ಜಾಡು

ವಿಸ್ಟ್ ಎಂಬ ಹಳೆಯ ಇಸ್ಪೀಟಾಟದಿಂದ ಬೆಳೆದ ಬ್ರಿಜ್ 1890ರ ದಶಕದಲ್ಲಿ ಲಂಡನ್ನಿನ ಕ್ಲಬ್ಬುಗಳಲ್ಲಿ ಹರಡಿ, ಜೊತೆಗಾರನ ಎಲೆಗಳನ್ನು ಮೇಜಿನ ಮೇಲೆ ಬಿಚ್ಚಿಡುವುದು ಅದರ ನಿಯಮವೇ ಆಗಿದ್ದುದರಿಂದ, ಆಟ ನಡೆಸುವ ಡಿಕ್ಲೇರರ್‌ಗೆ 52ರಲ್ಲಿ 26 ಎಲೆಗಳು ಕಂಡು, ಕಾಣದ ರಾಣಿಯನ್ನು ಪತ್ತೆಹಚ್ಚುವುದು ಒಂದು ವಿದ್ಯೆಯಾಯಿತು. 1925ರಲ್ಲಿ ಅಮೆರಿಕದ ಹೆರಾಲ್ಡ್ ವಾಂಡರ್‌ಬಿಲ್ಟ್ ರೂಪಿಸಿದ ಕಾಂಟ್ರ್ಯಾಕ್ಟ್ ಬ್ರಿಜ್, ಮೊದಲೇ ಕೂಗಿದ ಟ್ರಿಕ್‌ಗಳನ್ನಷ್ಟೇ, ಅಂದರೆ ಗೆಲ್ಲುವೆನೆಂದು ಒಪ್ಪಿಕೊಂಡ ಸುತ್ತುಗಳನ್ನಷ್ಟೇ, ಗೇಮ್‌ನ ಲೆಕ್ಕಕ್ಕೆ ಹಿಡಿದದ್ದರಿಂದ ಆ ಒಂದು ರಾಣಿಯ ಬೆಲೆ ಏರಿತು.

ಎಕ್ಕ, ರಾಜ, ಗುಲಾಮ ಸೇರಿ ಒಂದು ಬಣ್ಣದ ಒಂಬತ್ತು ಎಲೆಗಳು ಡಿಕ್ಲೇರರ್‌ನ ಪಕ್ಷದಲ್ಲಿದ್ದಾಗ, ಉಳಿದ ನಾಲ್ಕು ಎದುರಾಳಿಗಳಿಬ್ಬರಲ್ಲಿ ಎರಡೆರಡಾಗಿ ಹಂಚಿಹೋಗುವ ಸಂಭವ ಸುಮಾರು ಶೇ 40.7, ಮೂರು–ಒಂದಾಗುವ ಸಂಭವ ಶೇ 49.7, ಆದರೂ ರಾಣಿ ಒಂದು ಕಡೆ ಇದೆಯೆಂದು ನಂಬಿ ಗುಲಾಮನನ್ನು ಆಡುವ ಫಿನೆಸ್‌ಗಿಂತ ಎಕ್ಕ, ರಾಜರನ್ನೇ ಆಡುವುದು ಕೂದಲೆಳೆಯಷ್ಟು ಮೇಲು. ಇಂಥ ಸಂಭವನೀಯತೆಗಳನ್ನು ಫ್ರಾನ್ಸಿನ ಗಣಿತಜ್ಞ ಎಮಿಲ್ ಬೊರೆಲ್, ಆಂಡ್ರೆ ಶೆರಾನ್ ಜೊತೆಗೂಡಿ 1940ರ ಗ್ರಂಥದಲ್ಲಿ ಗಣಿಸಿದರು.

ಇದಕ್ಕಿಂತ ಸೂಕ್ಷ್ಮವಾದದ್ದು, ಇಡೀ ಬ್ರಿಜ್ ಚಿಂತನೆಯಲ್ಲೇ ಅತ್ಯಂತ ಸುಂದರವಾದದ್ದು, ಟೆರೆನ್ಸ್ ರೀಸ್ 1958ರಲ್ಲಿ ವಿಸ್ತರಿಸಿ ಬರೆದ ‘ನಿರ್ಬಂಧಿತ ಆಯ್ಕೆ’ಯ ತತ್ವ: ಇಂಥದೇ ಒಂಬತ್ತು ಎಲೆಗಳ ಬಣ್ಣದಲ್ಲಿ ರಾಣಿಯ ಜೊತೆ ಗುಲಾಮನೂ ಕಾಣೆಯಾಗಿದ್ದು, ಮೊದಲ ಸುತ್ತಿನಲ್ಲೇ ಒಬ್ಬ ಎದುರಾಳಿಯಿಂದ ಅವುಗಳಲ್ಲೊಂದು ಬಿದ್ದರೆ, ಎರಡೂ ಅವನಲ್ಲೇ ಇರುವ ಸಂಭವಕ್ಕಿಂತ, ಬೇರೆ ಎಲೆಯಿಲ್ಲದೆ ಅವನು ಅದನ್ನು ಆಡಿರುವ ಸಂಭವ ಹೆಚ್ಚುಕಡಿಮೆ ಎರಡರಷ್ಟು.