ಗಿಟಾರ್ ಕಲಿಕೆ: ಮೊದಲ ಮೂರು ತಿಂಗಳ ಕೈಪಿಡಿ

ಗಿಟಾರ್ ಕಲಿಯಬೇಕೆಂಬ ಆಸೆ ಹಲವರಲ್ಲಿ ಮೂಡುತ್ತದೆ. ಆಸೆಯಿಂದ ಕೊಂಡ ವಾದ್ಯ ಕೆಲವೇ ವಾರಗಳಲ್ಲಿ ಅಟ್ಟ ಸೇರುವುದೂ ಅಷ್ಟೇ ಸಾಮಾನ್ಯ. ತನಗೆ ಸಂಗೀತ ಒಲಿಯದು ಎಂದು ಕಲಿಯುವವರು ತಮ್ಮನ್ನೇ ಹಳಿದುಕೊಳ್ಳುವುದುಂಟು. ಆದರೆ ಬಹಳಷ್ಟು ಸಂದರ್ಭಗಳಲ್ಲಿ ದೋಷವಿರುವುದು ವಾದ್ಯದ ಆಯ್ಕೆಯಲ್ಲಿ, ಶ್ರುತಿಯಲ್ಲಿ ಅಥವಾ ಅಭ್ಯಾಸದ ಕ್ರಮದಲ್ಲಿ. ಈ ಮೂರನ್ನೂ ಆರಂಭದಲ್ಲೇ ಸರಿಪಡಿಸಿಕೊಳ್ಳಲು ಸಾಧ್ಯ.

ಯಾವ ಗಿಟಾರ್?

ಗಿಟಾರ್‌ಗಳಲ್ಲಿ ಮುಖ್ಯವಾಗಿ ಮೂರು ಬಗೆ. ಕ್ಲಾಸಿಕಲ್ ಗಿಟಾರ್‌ಗೆ ಇಂದಿನ ರೂಪ ಕೊಟ್ಟವರು ಸ್ಪೇನಿನ ಆಂಟೋನಿಯೊ ಡಿ ಟೋರೆಸ್ (1817-1892). ಇದರ ಕೊರಳು ಅಗಲ. ನೈಲಾನ್ ತಂತಿಗಳು ಬೆರಳಿಗೆ ಮೃದು. ಅಕೌಸ್ಟಿಕ್ ಗಿಟಾರ್‌ಗೆ ಉಕ್ಕಿನ ತಂತಿ. ಹಾಡಿಗೆ ಪಕ್ಕವಾದ್ಯವಾಗಿ ನುಡಿಸಲು ಇದು ಸೂಕ್ತವಾದರೂ ಆರಂಭದಲ್ಲಿ ಬೆರಳು ನೋಯುವುದು ಹೆಚ್ಚು. ಎಲೆಕ್ಟ್ರಿಕ್ ಗಿಟಾರ್‌ನ ತಂತಿಗಳನ್ನು ಒತ್ತುವುದು ಸುಲಭ, ಆದರೆ ಆಂಪ್ಲಿಫೈಯರ್‌ನ ಖರ್ಚು ಪ್ರತ್ಯೇಕ. ಮಕ್ಕಳಿಗೆ ಅರ್ಧ ಅಥವಾ ಮುಕ್ಕಾಲು ಅಳತೆಯ ವಾದ್ಯವನ್ನೇ ಕೊಡಿಸಬೇಕು.

ಅಂಗಡಿಯಲ್ಲಿ ಎರಡು ಪರೀಕ್ಷೆಗಳನ್ನು ತಪ್ಪದೆ ಮಾಡಿ. ಹನ್ನೆರಡನೆಯ ಫ್ರೆಟ್‌ನ ಬಳಿ ತಂತಿ ಎಷ್ಟು ಎತ್ತರದಲ್ಲಿದೆ ಎಂಬುದನ್ನು ಮೊದಲು ನೋಡಿ. ಉಕ್ಕಿನ ತಂತಿಯಾದರೆ 2ರಿಂದ 3 ಮಿಲಿಮೀಟರ್, ನೈಲಾನ್ ಆದರೆ 3ರಿಂದ 4 ಮಿಲಿಮೀಟರ್ ಇರುವುದು ಹಿತ. ಇದಕ್ಕಿಂತ ಬಹಳ ಎತ್ತರವಿದ್ದರೆ ನುರಿತವರ ಬೆರಳೂ ದಣಿಯುತ್ತದೆ. ಬಳಿಕ ತಂತಿಯನ್ನು ಒತ್ತದೆ ಒಮ್ಮೆ, ಹನ್ನೆರಡನೆಯ ಫ್ರೆಟ್‌ನಲ್ಲಿ ಒತ್ತಿ ಇನ್ನೊಮ್ಮೆ ಮೀಟಿ. ಎರಡನೆಯದು ಮೊದಲನೆಯದರ ತಾರಸ್ಥಾಯಿಯಾಗಿ ನಿಖರವಾಗಿ ಕೇಳಬೇಕು. ಹಾಗೆ ಕೇಳದ ವಾದ್ಯವನ್ನು ಅಗ್ಗವೆಂಬ ಕಾರಣಕ್ಕೆ ಕೊಳ್ಳಬಾರದು.

ಗಿಟಾರ್‌ಗೂ ನಮ್ಮ ನೆಲಕ್ಕೂ ಒಂದು ನಂಟಿದೆ. ಪಶ್ಚಿಮ ಘಟ್ಟಗಳಲ್ಲಿ ಬೆಳೆಯುವ ಬೀಟೆ ಮರವು ಉತ್ತಮ ಗಿಟಾರ್‌ಗಳ ಬೆನ್ನು ಹಾಗೂ ಪಕ್ಕೆಗಳಿಗೆ ಜಗತ್ತಿನಾದ್ಯಂತ ಬಳಕೆಯಾಗುತ್ತದೆ. ಬ್ರೆಜಿಲ್‌ನ ರೋಸ್‌ವುಡ್ ದುರ್ಲಭವಾದ ಮೇಲೆ ಅಮೆರಿಕದ ಮಾರ್ಟಿನ್ ಕಂಪನಿ 1969ರಲ್ಲಿ ಭಾರತದ ಬೀಟೆಯತ್ತ ತಿರುಗಿತು.

ಶ್ರುತಿ ಮಾಡುವುದು

ತೆಳು ತಂತಿ ಒಂದನೆಯದು, ದಪ್ಪ ತಂತಿ ಆರನೆಯದು. ಆರರಿಂದ ಒಂದರವರೆಗೆ ಕ್ರಮವಾಗಿ ಇ, ಎ, ಡಿ, ಜಿ, ಬಿ, ಇ ಸ್ವರಗಳಿಗೆ ಸೇರಿಸಬೇಕು. ಮೊಬೈಲ್‌ನ ಟ್ಯೂನರ್ ಈ ಕೆಲಸಕ್ಕೆ ಸಾಕು. ಆದರೂ ಕಿವಿಯಿಂದ ಸೇರಿಸುವುದನ್ನು ಜೊತೆಜೊತೆಗೇ ಕಲಿಯಬೇಕು. ಆರನೆಯ ತಂತಿಯನ್ನು ಐದನೆಯ ಫ್ರೆಟ್‌ನಲ್ಲಿ ಒತ್ತಿದಾಗ ಬರುವ ನಾದಕ್ಕೆ ಐದನೆಯ ತಂತಿಯನ್ನು ಹೊಂದಿಸಿ. ಮುಂದಿನ ತಂತಿಗಳಿಗೂ ಇದೇ ಕ್ರಮ. ಎರಡನೆಯ ತಂತಿಯನ್ನು ಹೊಂದಿಸುವಾಗ ಮಾತ್ರ ಮೂರನೆಯ ತಂತಿಯನ್ನು ನಾಲ್ಕನೆಯ ಫ್ರೆಟ್‌ನಲ್ಲಿ ಒತ್ತಬೇಕು. ಪ್ರತಿದಿನವೂ ಶ್ರುತಿ ನೋಡಿದ ಬಳಿಕವೇ ಅಭ್ಯಾಸಕ್ಕೆ ಕೂರಬೇಕು.

ಸರಿಗಮದಿಂದ ಆರಂಭ

ಸರಳೆ ವರಸೆ ಬಲ್ಲವರಿಗೆ ಗಿಟಾರ್ ಅಪರಿಚಿತವಲ್ಲ. ಒಂದು ಸ್ಥಾಯಿಯ ಹನ್ನೆರಡು ಸ್ವರಸ್ಥಾನಗಳೇ ಇಲ್ಲಿ ಹನ್ನೆರಡು ಫ್ರೆಟ್‌ಗಳು. ಒಂದನೆಯ ತಂತಿಯನ್ನು ಒತ್ತದೆ ಮೀಟಿದರೆ ಷಡ್ಜವೆಂದು ಭಾವಿಸಿಕೊಳ್ಳಿ. ಅದೇ ತಂತಿಯ 2, 4, 5, 7, 9, 11, 12ನೇ ಫ್ರೆಟ್‌ಗಳಲ್ಲಿ ಕ್ರಮವಾಗಿ ಒತ್ತಿ ನುಡಿಸಿದರೆ ಶಂಕರಾಭರಣದ ಸ್ವರಗಳು ದೊರೆಯುತ್ತವೆ. ಪಾಶ್ಚಾತ್ಯರ ಮೇಜರ್ ಸ್ಕೇಲ್ ಕೂಡ ಇದೇ. 1, 4, 5, 7, 8, 11, 12 ಎಂದಾದರೆ ಮಾಯಾಮಾಳವಗೌಳ. ಸ್ಥಿರವಾದ ಫ್ರೆಟ್‌ಗಳ ಮೇಲೆ ಗಮಕ ಸುಲಭವಲ್ಲ ಎಂಬುದು ನಿಜ. ತಂತಿಯನ್ನು ಪಕ್ಕಕ್ಕೆ ಎಳೆದು ಅಥವಾ ಜಾರುಕಡ್ಡಿ ಬಳಸಿ ಅದನ್ನು ಸಾಧಿಸುವವರಿದ್ದಾರೆ. ಗಿಟಾರನ್ನು ಮೋಹನವೀಣೆಯಾಗಿ ಮಾರ್ಪಡಿಸಿದ ವಿಶ್ವಮೋಹನ ಭಟ್ ಅವರಿಗೆ 1994ರಲ್ಲಿ ಗ್ರ್ಯಾಮಿ ಪ್ರಶಸ್ತಿ ಸಂದಿದೆ.

ಮೊದಲ ಕಾರ್ಡ್‌ಗಳು

ಹಲವು ಸ್ವರಗಳನ್ನು ಒಟ್ಟಿಗೆ ನುಡಿಸುವುದೇ ಕಾರ್ಡ್. ಐದು ಮತ್ತು ನಾಲ್ಕನೆಯ ತಂತಿಗಳನ್ನು ಎರಡನೆಯ ಫ್ರೆಟ್‌ನಲ್ಲಿ ಒತ್ತಿ ಆರೂ ತಂತಿಗಳನ್ನು ಮೀಟಿದರೆ ಇ ಮೈನರ್. ಇದಕ್ಕೆ ಮೂರನೆಯ ತಂತಿಯ ಒಂದನೆಯ ಫ್ರೆಟ್ ಸೇರಿಸಿದರೆ ಇ ಮೇಜರ್. ಅದೇ ಬೆರಳ ಜೋಡಣೆಯನ್ನು ತೆಳು ತಂತಿಗಳ ಕಡೆಗೆ ಒಂದು ತಂತಿಯಷ್ಟು ಸರಿಸಿ, ಆರನೆಯದನ್ನು ಬಿಟ್ಟು ಮೀಟಿದರೆ ಎ ಮೈನರ್. ಮೊದಲ ತಿಂಗಳಿಗೆ ಈ ಮೂರು ಸಾಕು. ಅನಂತರ ಡಿ, ಜಿ, ಸಿ ಕಲಿಯಬಹುದು. ತೋರುಬೆರಳನ್ನು ಅಡ್ಡಲಾಗಿ ಒತ್ತಬೇಕಾದ ಎಫ್ ಕಾರ್ಡ್‌ಗೆ ಆತುರ ಬೇಡ.

ಬೆರಳನ್ನು ಫ್ರೆಟ್‌ನ ಪಟ್ಟಿಯ ಮೇಲಲ್ಲ, ಅದರ ಹಿಂದೆ, ಅದಕ್ಕೆ ತೀರಾ ಸಮೀಪದಲ್ಲಿ ಒತ್ತಬೇಕು. ಆಗ ಕಡಿಮೆ ಬಲದಲ್ಲೇ ನಾದ ಸ್ಪಷ್ಟವಾಗುತ್ತದೆ. ಕಾರ್ಡ್ ಹಿಡಿದ ಬಳಿಕ ತಂತಿಗಳನ್ನು ಒಂದೊಂದಾಗಿ ಮೀಟಿ, ಯಾವುದು ಮೂಕವಾಗಿದೆ ಎಂದು ನೋಡಿ ಆ ಬೆರಳನ್ನಷ್ಟೇ ತಿದ್ದಿಕೊಳ್ಳಿ.

ಅಭ್ಯಾಸ ಹೇಗೆ?

ಭಾನುವಾರದ ಎರಡು ಗಂಟೆಗಿಂತ ದಿನನಿತ್ಯದ ಇಪ್ಪತ್ತು ನಿಮಿಷ ಮೇಲು. ಒಂದು ನಿಮಿಷದಲ್ಲಿ ಎರಡು ಕಾರ್ಡ್‌ಗಳ ನಡುವೆ ಎಷ್ಟು ಬಾರಿ ಬದಲಾಯಿಸಲು ಸಾಧ್ಯವಾಯಿತೆಂದು ಬರೆದಿಟ್ಟರೆ ಪ್ರಗತಿ ಕಣ್ಣಿಗೆ ಕಾಣುತ್ತದೆ. ಬೆರಳ ತುದಿಯ ನೋವು ಸಹಜ. ಕೆಲವು ವಾರಗಳಲ್ಲಿ ಚರ್ಮ ಗಟ್ಟಿಯಾಗುತ್ತದೆ. ಆದರೆ ಮಣಿಕಟ್ಟು ಅಥವಾ ಮುಂಗೈ ನೋಯುವುದು, ಬೆರಳು ಜೋಮು ಹಿಡಿಯುವುದು ಸಹಜವಲ್ಲ. ಆಗ ನುಡಿಸುವುದನ್ನು ನಿಲ್ಲಿಸಿ ಭಂಗಿಯನ್ನು ಪರಿಶೀಲಿಸಬೇಕು. ನೋವು ಮುಂದುವರಿದರೆ ವೈದ್ಯರನ್ನು ಕಾಣಬೇಕು.

ಅಂತರ್ಜಾಲದ ವಿಡಿಯೊಗಳು ಪಾಠ ಹೇಳಬಲ್ಲವೇ ಹೊರತು ಸೊಟ್ಟಗಾದ ಮಣಿಕಟ್ಟನ್ನು ತಿದ್ದಲಾರವು. ಆದ್ದರಿಂದ ಆರಂಭದ ಕೆಲವು ಪಾಠಗಳನ್ನಾದರೂ ಗುರುಗಳ ಎದುರಿನಲ್ಲಿ ಕಲಿಯುವುದು ಕ್ಷೇಮ.

ವಾದ್ಯದ ಆರೈಕೆ

ಮರ ಹವೆಗೆ ಸ್ಪಂದಿಸುತ್ತದೆ. ಕರಾವಳಿಯ ಮಳೆಗಾಲದಲ್ಲಿ ಉಬ್ಬುತ್ತದೆ, ಬಯಲುಸೀಮೆಯ ಬೇಸಿಗೆಯಲ್ಲಿ ಕುಗ್ಗಿ ಬಿರುಕು ಬಿಡುವುದೂ ಉಂಟು. ವಾದ್ಯವನ್ನು ಪೆಟ್ಟಿಗೆಯಲ್ಲಿಡಿ, ಬಿಸಿಲಿಗೆ ನಿಲ್ಲಿಸಿದ ಕಾರಿನಲ್ಲಿ ಬಿಡಬೇಡಿ. ನುಡಿಸಿದ ಬಳಿಕ ಒಣಬಟ್ಟೆಯಿಂದ ತಂತಿಗಳನ್ನು ಒರೆಸಿ, ನಾದ ಮಂಕಾದಾಗ ತಂತಿ ಬದಲಿಸಿ.

ಮೂರು ತಿಂಗಳ ಕೊನೆಗೆ ನಾಲ್ಕಾರು ಕಾರ್ಡ್‌ಗಳಲ್ಲಿ ಒಂದು ಹಾಡನ್ನು ಲಯ ತಪ್ಪದೆ ನುಡಿಸಲು ಬಂದರೆ ಅಡಿಪಾಯ ಬಿದ್ದಂತೆಯೇ. ವೇಗ ತಾನಾಗಿಯೇ ಬರುತ್ತದೆ. ಶ್ರುತಿ ಮತ್ತು ಲಯವನ್ನು ಮಾತ್ರ ಮೊದಲ ದಿನದಿಂದಲೇ ಕಾಯ್ದುಕೊಳ್ಳಬೇಕು.